ನದಿಯ ಮೇಲೆ ಏಳು ರಾತ್ರಿ: ಡಾನ್ಯೂಬ್ ಕ್ರೂಸ್‌ಗೆ ಹೋಗಬೇಕಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 62 ವರ್ಷ. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆ. ನಮ್ಮ ಮನೆಯವರಿಗೆ 68, ಮೊಣಕಾಲು ನೋವಿದೆ. ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಅವನಲ್ಲಿಗೆ ಹೋದಾಗ ಡಾನ್ಯೂಬ್ ನದಿಯಲ್ಲಿ ಏಳು ರಾತ್ರಿಯ ಕ್ರೂಸ್‌ಗೆ ಕಳಿಸುತ್ತೇನೆ ಅನ್ನುತ್ತಿದ್ದಾನೆ. ಅದೇ ದುಡ್ಡಿಗಿಂತ ಕಡಿಮೆಯಲ್ಲಿ ಆರು ದೇಶ ತೋರಿಸುವ ಬಸ್ ಟೂರ್ ಸಿಗುತ್ತದೆ. ಹೊಳೆ ಮೇಲೆ ಒಂದು ವಾರ ಕೂತು ಏನು ಮಾಡೋದು? ಬೇಜಾರಾಗಲ್ವಾ? ಮನೆಯವರಿಗೆ ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿ ಬರುತ್ತದೆ. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನಲ್ಲ. ಅಷ್ಟು ಖರ್ಚು ಮಾಡಿ ಹೋಗುವಂಥದ್ದು ಏನಿದೆ ಅದರಲ್ಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೇಡಂ, ‘ಹೊಳೆ ಮೇಲೆ ಕೂತು ಏನು ಮಾಡೋದು’ ಅಂತ ಕೇಳಿದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಇಪ್ಪತ್ತು ವರ್ಷದಿಂದ ಜನರನ್ನು ಪ್ರವಾಸಕ್ಕೆ ಕಳಿಸುವ ಕೆಲಸ ನನ್ನದು. ಎಷ್ಟೋ ಸಲ ಜೊತೆಗೂ ಹೋಗಿದ್ದೇನೆ. ನದಿ ಕ್ರೂಸ್ ವಿಚಾರಿಸಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದು ಒಂದೇ: ಸಂಜೆ ಹೊತ್ತು ಜಗಲಿ ಮೇಲೆ ಕೂತು, ಕೈಯಲ್ಲಿ ಫೋನ್ ಇಲ್ಲದೆ, ಬೀದಿ ನೋಡಿಕೊಂಡು ಒಂದು ತಾಸು ಇರೋಕೆ ನಿಮಗೆ ಆಗುತ್ತಾ? ಆಗುತ್ತದೆ ಅಂದವರು ಹೋಗಿ ಬಂದು ಎರಡನೇ ಸಲ ಕೇಳುತ್ತಾರೆ. ಆಗಲ್ಲ ಅಂದವರನ್ನು ನಾನೇ ಬೇಡ ಅನ್ನುತ್ತೇನೆ.

ಹಡಗಿನ ಮೇಲಿನ ಡೆಕ್ ಅಂದರೆ ಒಂದು ಉದ್ದನೆಯ ಜಗಲಿ. ನೀವು ಕೂತಲ್ಲೇ ಕೂತಿರುತ್ತೀರಿ, ಎದುರಿನ ಬೀದಿ ಬದಲಾಗುತ್ತಾ ಹೋಗುತ್ತದೆ. ಸಮುದ್ರದ ಕ್ರೂಸ್‌ನಲ್ಲಿ ದಡ ಬಿಟ್ಟ ಮೇಲೆ ನೀರು ಬಿಟ್ಟರೆ ಏನೂ ಕಾಣಲ್ಲ. ಅದಕ್ಕೇ ಆ ಹಡಗುಗಳಲ್ಲಿ ಈಜುಕೊಳ, ಸಿನಿಮಾ, ಅಂಗಡಿಸಾಲು ಎಲ್ಲ ಇರುತ್ತದೆ. ನದಿಯಲ್ಲಿ ಎರಡೂ ದಡ ಕಣ್ಣಳತೆಯಲ್ಲೇ ಇರುತ್ತವೆ. ಮನೆ ಹಿತ್ತಲಲ್ಲಿ ಬಟ್ಟೆ ಒಣಗಿಸುವವರು ಕಾಣುತ್ತಾರೆ. ಗಾಳ ಹಾಕಿ ಕೂತವರು ಕಾಣುತ್ತಾರೆ. ಶಾಲೆ ಮಕ್ಕಳು ಕೈ ಬೀಸುತ್ತಾರೆ. ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ದಡದುದ್ದಕ್ಕೂ ಸೈಕಲ್ ದಾರಿ ಇದೆ. ಸೈಕಲ್‌ನವರು ಸ್ವಲ್ಪ ಹೊತ್ತು ನಿಮ್ಮ ಜೊತೆಜೊತೆಗೇ ಬಂದು ಹಿಂದೆ ಉಳಿಯುತ್ತಾರೆ. ಅಷ್ಟು ನಿಧಾನ ಆ ಹಡಗು. ಈ ನಿಧಾನಕ್ಕೇ ಜನ ದುಡ್ಡು ಕೊಡುವುದು.

ಹಡಗು ಹತ್ತುವ ಊರು ಪಸ್ಸಾವ್. ಮ್ಯೂನಿಕ್‌ನಿಂದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ನೀವು ಶಿವಮೊಗ್ಗದವರು, ಕೂಡ್ಲಿ ಸಂಗಮ ನೋಡೇ ಇರುತ್ತೀರಿ. ಪಸ್ಸಾವ್‌ನಲ್ಲಿ ಸೇರುವುದು ಮೂರು ನದಿಗಳು: ಡಾನ್ಯೂಬ್, ಇನ್ ಮತ್ತು ಇಲ್ಜ್. ಆಲ್ಪ್ಸ್ ಬೆಟ್ಟದಿಂದ ಬರುವ ಇನ್ ನದಿಗೆ ಹಾಲು ಬೆರೆಸಿದಂಥ ಹಸಿರು ಬಣ್ಣ. ಇಲ್ಜ್‌ನದು ಕಪ್ಪು ನೀರು. ಮೇಲಿನ ಕೋಟೆಯಿಂದ ನೋಡಿದರೆ ಮೂರು ಬಣ್ಣ ಸ್ವಲ್ಪ ದೂರ ಬೇರೆಬೇರೆಯಾಗಿಯೇ ಹರಿದು ಆಮೇಲೆ ಕಲೆಯುತ್ತವೆ. ಅಲ್ಲಿನ ಪುರಭವನದ ಗೋಡೆ ಮೇಲೆ ಪ್ರವಾಹದ ಗೆರೆಗಳನ್ನು ಇಸವಿ ಸಮೇತ ಬರೆದಿದ್ದಾರೆ. 2013ರ ಜೂನ್‌ನಲ್ಲಿ ನೀರು 12.89 ಮೀಟರ್‌ಗೆ ಏರಿತ್ತು. 1501ರ ನಂತರ ಅಷ್ಟು ನೀರು ಬಂದಿರಲೇ ಇಲ್ಲ. ನಿಮ್ಮ ಊರಲ್ಲಿ ‘ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತು’ ಅಂದರೆ ತುಂಗೆ ತುಂಬಿದಳು ಅಂತ ಅರ್ಥ ಅಲ್ವಾ? ಹೊಳೆ ಪಕ್ಕ ಬದುಕುವವರು ಎಲ್ಲಿದ್ದರೂ ಹೀಗೇ ಲೆಕ್ಕ ಇಡುತ್ತಾರೆ.

ಪಸ್ಸಾವ್‌ನಿಂದ ಹಂಗೇರಿಯ ಬುಡಾಪೆಸ್ಟ್‌ಗೆ ನದಿ ದಾರಿ ಸುಮಾರು 580 ಕಿಲೋಮೀಟರ್. ದಡದಲ್ಲಿ ಅಲ್ಲಲ್ಲಿ ಕಿಲೋಮೀಟರ್ ಬೋರ್ಡ್‌ಗಳಿವೆ. ಡಾನ್ಯೂಬ್‌ನಲ್ಲಿ ಲೆಕ್ಕ ಹುಟ್ಟಿದ ಜಾಗದಿಂದಲ್ಲ, ಕಪ್ಪು ಸಮುದ್ರ ಸೇರುವ ಕಡೆಯಿಂದ ಶುರುವಾಗುತ್ತದೆ. ಹಾಗಾಗಿ ನೀವು ಮುಂದೆ ಹೋದ ಹಾಗೆ ಸಂಖ್ಯೆ ಕಡಿಮೆಯಾಗುತ್ತಾ ಬರುತ್ತದೆ. ಒಂದು ಸಲ ನನ್ನ ಜೊತೆ ಬಂದಿದ್ದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಪುಟ್ಟ ಡೈರಿಯಲ್ಲಿ ಬೋರ್ಡಿನ ಸಂಖ್ಯೆ, ಪಕ್ಕದಲ್ಲಿ ಕಂಡದ್ದೇನು ಅಂತ ಬರೆದುಕೊಳ್ಳುತ್ತಿದ್ದರು. ‘ಬಿಳಿ ಚರ್ಚು. ಎರಡು ಹಂಸ. ಟ್ರ್ಯಾಕ್ಟರ್.’ ಮೂರನೇ ದಿನ ಹೊತ್ತಿಗೆ ಡೆಕ್ ಮೇಲಿದ್ದ ಬೇರೆ ದೇಶದವರೂ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

ಇನ್ನು ಲಾಕ್ ಬಗ್ಗೆ ಹೇಳಲೇಬೇಕು. ಇದನ್ನು ಯಾವ ಬ್ರೋಷರ್‌ನಲ್ಲೂ ಸರಿಯಾಗಿ ಬರೆಯಲ್ಲ. ಪಸ್ಸಾವ್‌ಗೂ ಬುಡಾಪೆಸ್ಟ್‌ಗೂ ಎತ್ತರದಲ್ಲಿ ಇನ್ನೂರು ಮೀಟರ್ ಹತ್ತಿರ ವ್ಯತ್ಯಾಸವಿದೆ. ನಡುವೆ ಅಣೆಕಟ್ಟುಗಳಿವೆ. ಹಡಗು ಅಣೆಕಟ್ಟು ದಾಟುವುದು ಹೇಗೆ? ಪಕ್ಕದಲ್ಲಿ ಒಂದು ದೊಡ್ಡ ಕಾಂಕ್ರೀಟ್ ತೊಟ್ಟಿ ಕಟ್ಟಿರುತ್ತಾರೆ, ಎರಡೂ ತುದಿಗೆ ಗೇಟು. ಅದೇ ಲಾಕ್. ಹಡಗು ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚುತ್ತಾರೆ, ನೀರನ್ನು ಕೆಳಗಿನ ಹೊಳೆಗೆ ಬಿಡುತ್ತಾರೆ. ಪಂಪ್ ಇಲ್ಲ, ನೀರು ತನ್ನ ಪಾಡಿಗೆ ತಾನು ಇಳಿಯುತ್ತದೆ, ಜೊತೆಗೆ ಹಡಗೂ ಇಳಿಯುತ್ತದೆ. ಆಮೇಲೆ ಮುಂದಿನ ಗೇಟು ತೆರೆಯುತ್ತದೆ. ಬುಡಾಪೆಸ್ಟ್‌ವರೆಗೆ ಇಂಥ 11 ಲಾಕ್‌ಗಳಿವೆ.

ಮೊದಲನೆಯದು ಯೋಖೆನ್‌ಸ್ಟೈನ್, ಇಳಿತ ಸುಮಾರು 10 ಮೀಟರ್. ನಾನು ಮೊದಲ ಸಲ ಅಲ್ಲಿಗೆ ಬಂದಾಗ ರಾತ್ರಿಯಾಗಿತ್ತು. ಕೋಣೆಯ ಬಾಗಿಲು ಸರಿಸಿ ನಿಂತಿದ್ದೆ. ಎದುರಿಗೆ ಊರಿನ ದೀಪಗಳಿದ್ದವು. ನೋಡುತ್ತಿದ್ದ ಹಾಗೇ ದೀಪಗಳು ಮೇಲೆ ಹೋಗಿ, ಅವುಗಳ ಜಾಗದಲ್ಲಿ ಒದ್ದೆ ಗೋಡೆ ಏಳತೊಡಗಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಪಾಚಿ, ಸಂದಿನಲ್ಲಿ ಅಂಟಿಕೊಂಡ ಪುಟ್ಟ ಚಿಪ್ಪುಗಳು, ಹಳೇ ಬಾವಿಗೆ ಬಗ್ಗಿದಾಗ ಬರುವಂಥದೇ ತಣ್ಣನೆ ವಾಸನೆ. ಒಂಚೂರು ಅಲುಗಾಟವಿಲ್ಲ. ಮೇಜಿನ ಮೇಲಿದ್ದ ಲೋಟದ ನೀರೂ ಕದಲಲಿಲ್ಲ. ಅಷ್ಟು ದೊಡ್ಡ ಹಡಗನ್ನು ಯಾರೋ ಬಾವಿಯೊಳಗೆ ಮೆಲ್ಲಗೆ ಇಳಿಬಿಟ್ಟ ಹಾಗಿತ್ತು. ಅವತ್ತಿನಿಂದ ಯಾರನ್ನು ಕಳಿಸಿದರೂ ಹೇಳುತ್ತೇನೆ, ಒಂದು ಲಾಕ್ ಆದರೂ ಎಚ್ಚರವಿದ್ದು ನೋಡಿ ಅಂತ.

ಯೂರೋಪಿನ ನದಿ ಹಡಗುಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಉದ್ದಕ್ಕೆ, ಸಪೂರವಾಗಿ ಇರುವುದೂ ಈ ಲಾಕ್‌ನಿಂದಲೇ. ರೈನ್ ನದಿ ಕಡೆಯಿಂದ ಡಾನ್ಯೂಬ್‌ಗೆ ಬರಲು 1992ರಲ್ಲಿ ಒಂದು ಕಾಲುವೆ ತೆರೆದರು. ಅದರ ಲಾಕ್‌ಗಳ ಅಗಲ 12 ಮೀಟರ್. ಅದಕ್ಕೇ ಹಡಗುಗಳನ್ನು 11.4 ಮೀಟರ್ ಅಗಲಕ್ಕೆ ಕಟ್ಟುತ್ತಾರೆ, ಉದ್ದ ಮಾತ್ರ 110ರಿಂದ 135 ಮೀಟರ್. ಆಸ್ಟ್ರಿಯಾದ ಲಾಕ್‌ಗಳು 24 ಮೀಟರ್ ಅಗಲ ಇರುವುದರಿಂದ ಎರಡು ಹಡಗು ಅಕ್ಕಪಕ್ಕ ನಿಲ್ಲುತ್ತವೆ. ಆ ಹಡಗಿನವರೂ ಡೆಕ್ ಮೇಲೆ, ನೀವೂ ಡೆಕ್ ಮೇಲೆ. ಊರು ಯಾವುದು, ಊಟ ಹೇಗಿದೆ ಅಂತ ಮಾತಾಡಿಕೊಳ್ಳಬಹುದು. ನಮ್ಮ ಕಾವೇರಿ, ತುಂಗಭದ್ರೆಗಳಲ್ಲಿ ಇಂಥ ಪ್ರವಾಸ ಯಾಕಿಲ್ಲ ಅಂತ ಕೆಲವರು ಕೇಳುತ್ತಾರೆ. ನಮ್ಮ ಹೊಳೆಗಳಲ್ಲಿ ಬಂಡೆ, ಜಲಪಾತ ಜಾಸ್ತಿ. ಬೇಸಿಗೆಯಲ್ಲಿ ನೀರೂ ಇರಲ್ಲ. ಕಟ್ಟೆಗಳಿಗೆ ದೋಣಿ ದಾಟುವ ಬಾಗಿಲನ್ನೂ ಇಟ್ಟಿಲ್ಲ. ಹಂಪಿಯ ಹರಿಗೋಲೇ ನಮ್ಮ ಹೊಳೆಗೆ ಸರಿಯಾದ ದೋಣಿ.

ಈ ದಾರಿಯ ಜೀವ ಇರುವುದು ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಸುಮಾರು 35 ಕಿಲೋಮೀಟರ್‌ನಲ್ಲಿ. ಇದಕ್ಕೆ ವಾಖಾವ್ ಕಣಿವೆ ಅನ್ನುತ್ತಾರೆ, 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಶುರುವಿನಲ್ಲೇ ಬಂಡೆ ಮೇಲೆ ಮೆಲ್ಕ್‌ನ ಹಳದಿ ಬಣ್ಣದ ದೊಡ್ಡ ಮಠ. 1089ರಿಂದ ಅಲ್ಲಿ ಸನ್ಯಾಸಿಗಳಿದ್ದಾರೆ. ಆಮೇಲೆ ಎರಡೂ ಕಡೆ ಗುಡ್ಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿ ಬೆಳೆಸಿದ ದ್ರಾಕ್ಷಿ, ಕೆಳಗೆ ಏಪ್ರಿಕಾಟ್ ತೋಟ.

ಇತಿಹಾಸ ಹೇಳಿಕೊಟ್ಟ ನಿಮಗೆ ಇಲ್ಲಿ ಒಂದು ವಿಶೇಷ ಇದೆ. ದಾರಿಯಲ್ಲಿ ವಿಲೆನ್‌ಡಾರ್ಫ್ ಅನ್ನುವ ಸಣ್ಣ ಹಳ್ಳಿ ಸಿಗುತ್ತದೆ. 1908ರಲ್ಲಿ ಅಲ್ಲಿ ಕಲ್ಲಿನ ಒಂದು ಹೆಣ್ಣಿನ ಮೂರ್ತಿ ಸಿಕ್ಕಿತು. ಎತ್ತರ ಬರೀ 11 ಸೆಂಟಿಮೀಟರ್, ವಯಸ್ಸು 25 ಸಾವಿರ ವರ್ಷಕ್ಕೂ ಜಾಸ್ತಿ. ಪಠ್ಯಪುಸ್ತಕದಲ್ಲಿ ಚಿತ್ರ ನೋಡಿರಬಹುದು. ಹಳ್ಳಿ ಹಡಗಿನಿಂದ ಕಾಣುತ್ತದೆ. ಮೂರ್ತಿ ವಿಯೆನ್ನಾದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ, ಮರುದಿನ ಅಲ್ಲೇ ಹೋಗಿ ನೋಡಬಹುದು. ಮುಂದೆ ಡ್ಯೂರ್ನ್‌ಸ್ಟೈನ್. ನೀಲಿ ಗೋಪುರದ ಚರ್ಚು, ಮೇಲೆ ಪಾಳುಬಿದ್ದ ಕೋಟೆ. ಕ್ರುಸೇಡ್ ಯುದ್ಧ ಮುಗಿಸಿ ಊರಿಗೆ ಹೋಗುತ್ತಿದ್ದ ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು ಆಸ್ಟ್ರಿಯಾದ ಡ್ಯೂಕ್ ಲಿಯೊಪೋಲ್ಡ್ 1192ರ ಕೊನೆಯಲ್ಲಿ ಹಿಡಿದು ಇಲ್ಲೇ ಕೂಡಿಹಾಕಿದ್ದು. ಬಿಡಿಸಿಕೊಳ್ಳಲು ಕೊಟ್ಟ ಬೆಳ್ಳಿಯಲ್ಲಿ ಡ್ಯೂಕ್‌ನ ಪಾಲು ವಿಯೆನ್ನಾದ ಕೋಟೆಗೋಡೆಗೂ ಹೋಯಿತು. ಆ ಗೋಡೆ ಒಡೆದು ಮಾಡಿದ ರಸ್ತೆಯೇ ಇವತ್ತಿನ ರಿಂಗ್‌ಸ್ಟ್ರಾಸೆ. ಬಸ್ ಟೂರ್‌ನಲ್ಲಿ ಇವೆಲ್ಲ ಬಿಡಿಬಿಡಿ ಫೋಟೋಗಳಾಗಿ ಉಳಿಯುತ್ತವೆ. ನದಿಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ, ಕಥೆ ಕೂಡಿಕೊಳ್ಳುತ್ತಾ ಹೋಗುತ್ತದೆ.

ಆದರೆ ಇಲ್ಲೇ ಎಚ್ಚರವಾಗಿರಬೇಕು. ಬಹಳ ಹಡಗುಗಳು ಹಗಲು ಊರಿನಲ್ಲಿ ನಿಂತು ರಾತ್ರಿ ಸಾಗುತ್ತವೆ. ವಾಖಾವ್ ಕಣಿವೆಯನ್ನು ಕತ್ತಲಲ್ಲಿ ದಾಟುವ ಟೂರ್‌ಗಳೂ ಇವೆ. ಒಮ್ಮೆ ನಾನು ಇದನ್ನು ಕೇಳದೆ ಒಂದು ಗುಂಪಿಗೆ ಬುಕ್ ಮಾಡಿಬಿಟ್ಟೆ. ಬೆಳಗ್ಗೆ ಆರಕ್ಕೆ ಡೆಕ್ ಮೇಲೆ ಹೋದರೆ ಕಣಿವೆ ಮುಗಿದೇ ಹೋಗಿತ್ತು. ಹನ್ನೆರಡು ಜನ ಅದಕ್ಕೇ ಅಂತ ಬಂದಿದ್ದರು. ಅವರ ಮುಖ ಇನ್ನೂ ಕಣ್ಣ ಮುಂದಿದೆ. ಮಗನಿಗೆ ಹೇಳಿ, ದುಡ್ಡು ಕಟ್ಟುವ ಮುಂಚೆ ಪ್ರತಿ ದಿನದ ಗಂಟೆವಾರು ವೇಳಾಪಟ್ಟಿ ತರಿಸಿಕೊಳ್ಳಲಿ. ಮೆಲ್ಕ್‌ನಿಂದ ಕ್ರೆಮ್ಸ್ ಹಗಲಲ್ಲಿ, ಬುಡಾಪೆಸ್ಟ್ ಪ್ರವೇಶ ಊರಿನ ದೀಪ ಕಾಣುವ ಹಾಗೆ ಕತ್ತಲಾದ ಮೇಲೆ. ಈ ಎರಡು ಸರಿ ಇದ್ದರೆ ಉಳಿದಿದ್ದು ಸ್ವಲ್ಪ ಹಿಂದೆಮುಂದೆ ಆದರೂ ಪರವಾಗಿಲ್ಲ.

ಬಸ್ ಟೂರ್ ಜೊತೆ ಹೋಲಿಸಿದಿರಿ. ಕ್ರೂಸ್ ಅಗ್ಗ ಅಂತ ನಾನು ಹೇಳಲ್ಲ. ಕೋಣೆ, ಮೂರು ಹೊತ್ತಿನ ಊಟ, ಪ್ರಯಾಣ ಒಂದರಲ್ಲೇ ಬಂದರೂ ಒಟ್ಟು ಲೆಕ್ಕದಲ್ಲಿ ಅದೇ ಜಾಸ್ತಿ. ಆದರೆ ಬಸ್ ಟೂರ್‌ನ ಬೆಳಗ್ಗೆ ಹೇಗಿರುತ್ತದೆ ಗೊತ್ತಾ? ಆರೂವರೆಗೆ ಸೂಟ್‌ಕೇಸ್ ಕೋಣೆ ಹೊರಗೆ ಇಡಬೇಕು, ಏಳಕ್ಕೆ ತಿಂಡಿ, ಏಳೂಮುಕ್ಕಾಲಿಗೆ ಬಸ್. ಐದಾರು ಗಂಟೆ ಕಾಲು ಮಡಚಿ ಕೂರಬೇಕು. ಇಳಿದಾಗ ಮೊಣಕಾಲು ಹಿಡಿದಿರುತ್ತದೆ. ಆಗ ಗೈಡ್ ‘ನಲವತ್ತು ನಿಮಿಷ ಇದೆ, ಬೇಗ ಬನ್ನಿ’ ಅನ್ನುತ್ತಾರೆ. ಹಡಗಿನಲ್ಲಿ ಸೂಟ್‌ಕೇಸ್ ಒಂದೇ ಸಲ ಬಿಚ್ಚುವುದು. ಸೀರೆ, ಸ್ವೆಟರ್ ಕಪಾಟಿನಲ್ಲಿ ಇಟ್ಟರೆ ಆಯಿತು, ಖಾಲಿ ಪೆಟ್ಟಿಗೆ ಮಂಚದ ಕೆಳಗೆ ಹೋಗುತ್ತದೆ. ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ ಹಡಗಿನಿಂದ ಇಳಿದು ಹತ್ತು ನಿಮಿಷ ನಡೆದರೆ ಹಳೇ ಪೇಟೆ. ನಿಮ್ಮ ಮನೆಯವರಿಗೆ ಕಾಲು ನೋವು ಅನಿಸಿದರೆ ವಾಪಸ್ ಬಂದು ಮಲಗಬಹುದು, ನೀವು ಸುತ್ತಾಡಿಕೊಂಡು ಬರಬಹುದು. ಒಬ್ಬರಿಗೋಸ್ಕರ ಇನ್ನೊಬ್ಬರು ಬಿಟ್ಟುಕೊಡಬೇಕಾಗಿಲ್ಲ. ನಿಮ್ಮ ವಯಸ್ಸಿನ ದಂಪತಿಗಳಿಗೆ ಇದರಷ್ಟು ದೊಡ್ಡ ಅನುಕೂಲ ಬೇರೆ ಯಾವ ಪ್ರವಾಸದಲ್ಲೂ ನಾನು ಕಂಡಿಲ್ಲ. ವಿಯೆನ್ನಾ ಮಾತ್ರ ಸ್ವಲ್ಪ ಬೇರೆ. ಅಲ್ಲಿ ದೊಡ್ಡ ಹೊಳೆ ಹಳೇ ಊರಿನಿಂದ ದೂರ ಹರಿಯುತ್ತದೆ. ಹಡಗು ನಿಲ್ಲುವುದು ಹೆಚ್ಚಾಗಿ ರೈಖ್ಸ್‌ಬ್ರ್ಯೂಕೆ ಸೇತುವೆ ಹತ್ತಿರ. ಅಲ್ಲಿಂದ ಮೆಟ್ರೋದಲ್ಲಿ ಹತ್ತು ನಿಮಿಷಕ್ಕೆ ಊರ ನಡುವೆ ಇರುತ್ತೀರಿ.

ವಾಂತಿ ವಿಷಯಕ್ಕೆ ಹೆದರಬೇಡಿ. ಆಗುಂಬೆಯಲ್ಲಿ ತೊಂದರೆ ಕೊಡುವುದು ತಿರುವು ಮತ್ತು ಬ್ರೇಕು. ನದಿಯಲ್ಲಿ ಅಲೆ ಏಳಲ್ಲ. ಸಿಗಂದೂರು ಲಾಂಚ್‌ನಲ್ಲಿ ಅವರು ಆರಾಮವಾಗಿ ಹೋಗಿಬಂದಿದ್ದರೆ ಇಲ್ಲಿ ಅದಕ್ಕಿಂತ ಸಲೀಸು.

ಮೊಣಕಾಲಿನ ಬಗ್ಗೆ ಎರಡು ವಿಷಯ ಕೇಳಿಕೊಳ್ಳಿ. ಲಿಫ್ಟ್ ಯಾವ ಮಹಡಿಯಿಂದ ಯಾವ ಮಹಡಿಗೆ ಅಂತ ಒಂದು. ಹೆಚ್ಚಿನ ಹಡಗುಗಳಲ್ಲಿ ಲಿಫ್ಟ್ ನಡುವಿನ ಮಹಡಿಗಳಿಗೆ ಮಾತ್ರ ಇರುತ್ತದೆ, ತೀರಾ ಕೆಳಗಿನದಕ್ಕೂ ಮೇಲಿನ ಡೆಕ್‌ಗೂ ಮೆಟ್ಟಿಲೇ ಗತಿ. ಕೆಳ ಮಹಡಿ ಕೋಣೆ ಅಗ್ಗ, ಆದರೆ ಕಿಟಕಿ ಸೂರಿನ ಹತ್ತಿರ ಇರುತ್ತದೆ, ತೆರೆಯಲ್ಲ. ದಿನವಿಡೀ ಡೆಕ್ ಮೇಲಿರುವವರಿಗೆ ಅದು ಸಾಕು. ನಿಮ್ಮ ಮನೆಯವರು ಕೋಣೆಯಲ್ಲಿ ಕಾಲು ಚಾಚಿ ಕೂರುವ ಹೊತ್ತು ಜಾಸ್ತಿ ಇರಬಹುದು. ಅವರಿಗೆ ಗಾಜಿನ ಬಾಗಿಲಿನ ಮಧ್ಯದ ಮಹಡಿ ಕೋಣೆಯೇ ಬೇಕು. ಹಡಗಿನ ಹಿಂಬದಿಯ ಕೋಣೆ ಬೇಡ, ಎಂಜಿನ್ ಸದ್ದು ಬರುತ್ತದೆ. ಎರಡನೆಯದು, ಹಳೇ ಊರುಗಳಲ್ಲಿ ನೆಲಕ್ಕೆಲ್ಲ ಗುಂಡುಕಲ್ಲು. ದಪ್ಪ ಅಡಿಯ ಶೂ ಬೇಕು, ಚಪ್ಪಲಿ ನಡೆಯಲ್ಲ. ಬಹುಪಾಲು ನದಿ ಹಡಗುಗಳಲ್ಲಿ ಡಾಕ್ಟರ್ ಇರಲ್ಲ, ಹಾಗಾಗಿ ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಊಟ. ‘ವೆಜಿಟೇರಿಯನ್’ ಅಂತ ಮಾತ್ರ ಬರೆದರೆ ಅವರ ಲೆಕ್ಕದಲ್ಲಿ ಮೊಟ್ಟೆ ಇರುತ್ತದೆ. ಬುಕ್ ಮಾಡುವಾಗಲೇ ‘ಮಾಂಸ, ಮೀನು, ಮೊಟ್ಟೆ ಬೇಡ, ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿದ ಸೂಪೂ ಬೇಡ’ ಅಂತ ಬರಹದಲ್ಲಿ ಕೊಡಿ. ಹಡಗು ಹತ್ತಿದ ಮೊದಲ ಸಂಜೆ ಅಡುಗೆಯವರನ್ನೇ ಕಂಡು ಇನ್ನೊಮ್ಮೆ ಹೇಳಿ. ಅಡುಗೆಮನೆ ಚಿಕ್ಕದು, ಬಡಿಸುವವರು ಎರಡನೇ ದಿನಕ್ಕೇ ನಿಮ್ಮ ಮುಖ ಗುರುತು ಹಿಡಿಯುತ್ತಾರೆ. ಬಿಳಿ ಅನ್ನ, ಮೊಸರು ಕೇಳಿದರೆ ಕೊಡುತ್ತಾರೆ. ಉಪ್ಪಿನಕಾಯಿ, ಚಟ್ನಿಪುಡಿ ನೀವು ಒಯ್ಯಿರಿ. ಆಸ್ಟ್ರಿಯಾದಲ್ಲಿ ಏಪ್ರಿಕಾಟ್ ಹಣ್ಣನ್ನು ಹಿಟ್ಟಿನ ಒಳಗಿಟ್ಟು, ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕೊಡುತ್ತಾರೆ. ಮಾರಿಲೆನ್‌ಕ್ನೋಡೆಲ್ ಅಂತ ಹೆಸರು. ನೋಡಿದರೆ ನಮ್ಮ ಸಿಹಿ ಕಡುಬಿನ ದಾಯಾದಿ ಅನಿಸುತ್ತದೆ. ಆದರೆ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ಕೇಳದೆ ತಿನ್ನಬೇಡಿ. ಜುಲೈಯಲ್ಲಿ ಹೋದರೆ ತೋಟದ ಹಣ್ಣೇ ಸಿಗುತ್ತದೆ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಬೇಸರ ತರಿಸುವ ಸಂಗತಿಗಳೂ ಇವೆ, ಮುಚ್ಚಿಡಲ್ಲ. ಬಂದರಿನಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸುತ್ತಾರೆ. ಆಗ ಕಿಟಕಿ ಪರದೆ ಸರಿಸಿದರೆ ಪಕ್ಕದ ಹಡಗಿನ ಕೋಣೆ. ಇಳಿಯುವುದೂ ಅವರ ಹಡಗಿನ ಮೂಲಕವೇ. ಪಸ್ಸಾವ್‌ನಿಂದ ಹೊರಡುವ ಎಷ್ಟೋ ಹಡಗುಗಳಲ್ಲಿ ಎಲ್ಲ ಪ್ರಕಟಣೆಯೂ ಜರ್ಮನ್‌ನಲ್ಲೇ ಇರುತ್ತದೆ. ಇಂಗ್ಲಿಷ್ ಇದೆಯಾ ಅಂತ ಕೇಳದೆ ಬುಕ್ ಮಾಡಲೇಬೇಡಿ. ಕೊನೆಯಲ್ಲಿ ಸಿಬ್ಬಂದಿಗೆ ಟಿಪ್ಸ್ ಕೊಡುವ ರೂಢಿ ಇದೆ, ಅದು ಟಿಕೆಟ್‌ನಲ್ಲಿ ಸೇರಿದೆಯಾ ನೋಡಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡದು ನೀರಿನ ಮಟ್ಟ. 2018 ಮತ್ತು 2022ರ ಬೇಸಿಗೆಗಳಲ್ಲಿ ಡಾನ್ಯೂಬ್, ರೈನ್ ಎರಡರಲ್ಲೂ ನೀರು ತೀರಾ ಇಳಿದು ಹಡಗುಗಳು ಅಲ್ಲಲ್ಲಿ ನಿಂತವು. ನೀರು ಜಾಸ್ತಿಯಾದರೂ ಕಷ್ಟವೇ, ಸೇತುವೆ ಕೆಳಗೆ ನುಸುಳಲು ಆಗಲ್ಲ. ಆಗ ಆ ಭಾಗಕ್ಕೆ ಬಸ್ ಹತ್ತಿಸುತ್ತಾರೆ. ನೀರು ಇಳಿದಾಗ ಡಾನ್ಯೂಬ್‌ನಲ್ಲಿ ಮೊದಲು ಕೈಕೊಡುವುದು ಪಸ್ಸಾವ್‌ಗಿಂತ ಮೇಲಿನ ಸ್ಟ್ರಾಬಿಂಗ್–ಫಿಲ್ಸ್‌ಹೋಫೆನ್ ನಡುವಿನ ಭಾಗ. ನೀವು ಪಸ್ಸಾವ್‌ನಲ್ಲಿ ಹತ್ತುವುದರಿಂದ ಅದು ತಪ್ಪುತ್ತದೆ. ಇದೊಂದು ಕಾರಣಕ್ಕೇ, ಆ ಭಾಗ ದಾಟಿಕೊಂಡೇ ಬರಬೇಕಾದ ನ್ಯೂರೆಂಬರ್ಗ್‌ನಿಂದ ಹೊರಡುವ ಟೂರ್‌ಗಿಂತ ಪಸ್ಸಾವ್‌ನಿಂದ ಹೊರಡುವುದನ್ನು ನಾನು ಹೇಳುವುದು. ತಿಂಗಳು ಕೇಳಿದರೆ ಮೇ ಕೊನೆ ಅಥವಾ ಸೆಪ್ಟೆಂಬರ್ ಕೊನೆ. ನಿಮಗೆ ಸೆಪ್ಟೆಂಬರ್ ವಾಸಿ. ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ, ಕತ್ತಲೂ ಬೇಗ ಆಗುತ್ತದೆ. ಮೇ, ಜೂನ್‌ನಲ್ಲಿ ಬುಡಾಪೆಸ್ಟ್‌ನ ದೀಪ ನೋಡಲು ರಾತ್ರಿ ಒಂಬತ್ತರವರೆಗೆ ಕಾಯಬೇಕು.

ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ ನಾಲ್ಕಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ಮಗನ ಮನೆಯಲ್ಲೇ ಇರುವುದರಿಂದ ಜರ್ಮನಿಯ ಮೂಲಕವೇ ಅರ್ಜಿ ಹಾಕಿ. ಕನಿಷ್ಠ 30 ಸಾವಿರ ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಕ್ರೂಸ್ ಬೆಲ್‌ಗ್ರೇಡ್‌ವರೆಗೆ ಹೋಗುವುದಾದರೆ ಸರ್ಬಿಯಾ ಷೆಂಗೆನ್ ಹೊರಗಿದೆ. ಆಗ ಎಷ್ಟು ಸಲವಾದರೂ ಒಳಬರಬಹುದಾದ ವೀಸಾ ಇರಬೇಕು.

ಇಷ್ಟು ಓದಿಯೂ ಮನಸ್ಸು ಅನುಮಾನಿಸುತ್ತಿದ್ದರೆ, ಅಥವಾ ಮಗನ ಜೇಬಿಗೆ ಭಾರ ಅನಿಸಿದರೆ, ಇನ್ನೊಂದು ದಾರಿ ಇದೆ. ಮೆಲ್ಕ್‌ನಿಂದ ಕ್ರೆಮ್ಸ್‌ಗೆ ಹಗಲು ದೋಣಿಗಳು ಓಡುತ್ತವೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಹೊಳೆ ಹರಿಯುವ ದಿಕ್ಕಿನಲ್ಲಿ ಎರಡು ಗಂಟೆಗಿಂತ ಕಡಿಮೆ, ಎದುರು ದಿಕ್ಕಿನಲ್ಲಿ ಮೂರು ಗಂಟೆ ಹತ್ತಿರ. ನನ್ನ ಮಾತು ಕೇಳಿದರೆ ಕ್ರೆಮ್ಸ್‌ನಿಂದ ಮೆಲ್ಕ್‌ಗೆ, ಅಂದರೆ ಎದುರು ದಿಕ್ಕಿನಲ್ಲಿ ಹೋಗಿ. ಟಿಕೆಟ್ ಹೆಚ್ಚುಕಡಿಮೆ ಅಷ್ಟೇ, ಜಗಲಿ ಮೇಲೆ ಒಂದು ಗಂಟೆ ಜಾಸ್ತಿ ಸಿಗುತ್ತದೆ. ಮ್ಯೂನಿಕ್‌ನಿಂದ ಎರಡು ದಿನಕ್ಕೆ ಹೋಗಿಬರಬಹುದು. ಆ ಮೂರು ಗಂಟೆಯಲ್ಲಿ ನಿಮ್ಮ ಮನೆಯವರು ಎಷ್ಟು ಸಲ ಗಡಿಯಾರ ನೋಡಿದರು ಅಂತ ಗಮನಿಸಿ. ಒಂದೂ ಸಲ ನೋಡದಿದ್ದರೆ ಮುಂದಿನ ವರ್ಷ ಏಳು ರಾತ್ರಿಗೆ ಬುಕ್ ಮಾಡಿ.

ಕ್ರೂಸ್‌ಗೇ ಹೋಗುವುದಾದರೆ ಬುಡಾಪೆಸ್ಟ್‌ನಲ್ಲಿ ಇಳಿದು ಎರಡು ದಿನ ಇರಿ, ಅಲ್ಲಿಂದ ಮ್ಯೂನಿಕ್‌ಗೆ ನೇರ ರೈಲಿದೆ, ಏಳು ಗಂಟೆ ದಾರಿ. ವಿಯೆನ್ನಾ ಬಿಟ್ಟು ಬ್ರಾಟಿಸ್ಲಾವಾ ಕಡೆ ಬರುವಾಗ ದಡ ನೋಡುತ್ತಿರಿ. ಕಂಬದ ಮೇಲೆ ನಿಂತ ಪುಟ್ಟ ಮರದ ಗುಡಿಸಲುಗಳು, ಪ್ರತಿಯೊಂದರ ಮುಂದೆಯೂ ಕೊಚ್ಚಿಯ ಚೀನಾ ಬಲೆಯಂಥದೇ ಚೌಕಾಕಾರದ ಬಲೆ. ಅಲ್ಲಿ ರಜಾ ದಿನ ಮೀನು ಹಿಡಿಯಲು ಬರುವವರು ಹಡಗು ಕಂಡರೆ ಕೈ ಎತ್ತುತ್ತಾರೆ. ನೀವೂ ಎತ್ತಿ.